ದಿ ಬ್ಯಾಂಡ್‌ನ ಎರಡನೆಯ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

1976ರಲ್ಲಿ ವೇದಿಕೆಯಿಂದ ಇಳಿದು, 1983ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ವೇದಿಕೆ ಹತ್ತಿದ ‘ದಿ ಬ್ಯಾಂಡ್’ ಎಂಬ ರಾಕ್ ಸಂಗೀತ ತಂಡದ ಕುರಿತು ಗೆಳೆಯರ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಈ ತಂಡದ ಮೊದಲ ಅವಧಿಯ ಬಗ್ಗೆ ಬೇಕಾದಷ್ಟು ಬರವಣಿಗೆಯಿದೆ. ಮರಳಿ ಬಂದ ಅವಧಿಯನ್ನು ಮಾತ್ರ ಹೆಚ್ಚಿನವರು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತಾರೆ. ಆ ವರ್ಷಗಳಿಗೆ ಸಲ್ಲಬೇಕಾದ ಗಮನ ಸಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾದ್ದರಿಂದ ಉತ್ತರಗಳು ಆ ಕಡೆಗೇ ಹೆಚ್ಚು ವಾಲಿವೆ.

## ಮೊದಲ ಪರಿಚಯ

‘ದಿ ಬ್ಯಾಂಡ್’ ಎನ್ನುವುದೇ ಬ್ಯಾಂಡಿನ ಹೆಸರೇ? ಇವರು ಯಾರು?

ಹೌದು, ಅದೇ ಹೆಸರು. ರಾಬಿ ರಾಬರ್ಟ್‌ಸನ್ ಗಿಟಾರ್, ಲೀವಾನ್ ಹೆಲ್ಮ್ ಡ್ರಮ್ಸ್, ರಿಕ್ ಡ್ಯಾಂಕೋ ಬೇಸ್ ಗಿಟಾರ್, ರಿಚರ್ಡ್ ಮ್ಯಾನುಯೆಲ್ ಪಿಯಾನೊ ಮತ್ತು ಗಾರ್ತ್ ಹಡ್ಸನ್ ಆರ್ಗನ್ ನುಡಿಸುತ್ತಿದ್ದ ಐವರ ತಂಡವಿದು. ಅಮೆರಿಕದ ಅರ್ಕಾನ್ಸಾಸ್‌ನ ರಾಕಬಿಲಿ (ಕಂಟ್ರಿ ಬೆರೆತ ಆರಂಭಕಾಲದ ರಾಕ್) ಗಾಯಕ ರಾನಿ ಹಾಕಿನ್ಸ್ 1958ರಲ್ಲಿ ಕೆನಡಾದ ಟೊರಾಂಟೊದ ಕಡೆಗೆ ಬಂದಾಗ ಜೊತೆಯಲ್ಲಿ ಕರೆತಂದ ಹುಡುಗ ಲೀವಾನ್; ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಹಾಕಿನ್ಸ್ ತಂಡಕ್ಕೆ ಸೇರಿಕೊಂಡರು. ಕೆಲವು ವರ್ಷಗಳ ನಂತರ ಐವರೂ ಆತನನ್ನು ಬಿಟ್ಟು ತಮ್ಮದೇ ದಾರಿ ಹಿಡಿದರು. ಮುಂದೆ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಊರಿನ ಸುತ್ತಮುತ್ತಲ ಜನ ಇವರನ್ನು ಸುಮ್ಮನೆ ‘ದಿ ಬ್ಯಾಂಡ್’ ಎಂದೇ ಕರೆಯುತ್ತಿದ್ದರು, ಅದೇ ನಿಂತಿತು.

ಐವರಲ್ಲಿ ನಾಲ್ವರು ಕೆನಡಾದವರು. ಹಾಗಿದ್ದರೂ ಇದನ್ನು ಅಮೆರಿಕದ ರೂಟ್ಸ್ ರಾಕ್ ಎನ್ನುವುದು ಹೇಗೆ?

ಬ್ಲೂಸ್, ಕಂಟ್ರಿ, ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಸಂಗೀತ, ಹಳ್ಳಿಗಾಡಿನ ಪಿಟೀಲು ಮತ್ತು ಮ್ಯಾಂಡೊಲಿನ್ ಸಂಗೀತ, ನ್ಯೂ ಆರ್ಲಿಯನ್ಸ್‌ನ ಲಯ, ಇವೆಲ್ಲದರಿಂದ ನೇರವಾಗಿ ಸಾರ ಹೀರಿಕೊಂಡ ರಾಕ್ ಸಂಗೀತಕ್ಕೆ ರೂಟ್ಸ್ ರಾಕ್ ಎಂಬ ಹೆಸರಿದೆ. ಈ ಎಲ್ಲ ಧಾರೆಗಳೂ ಲೀವಾನ್ ಹೆಲ್ಮ್ ಬೆಳೆದ ನೆಲದವು. ಆತನ ಬಾಲ್ಯ ಅರ್ಕಾನ್ಸಾಸ್‌ನ ಮಿಸಿಸಿಪಿ ನದಿಬಯಲಿನ ಟರ್ಕಿ ಸ್ಕ್ರ್ಯಾಚ್ ಎಂಬ ಪುಟ್ಟ ಊರಿನಲ್ಲಿ, ಹತ್ತಿ ಹೊಲದಲ್ಲಿ ಕಳೆಯಿತು. ಕೆನಡಾದ ನಾಲ್ವರು ಇದೇ ಸಂಗೀತವನ್ನು ರಾತ್ರಿಯ ರೇಡಿಯೊದಲ್ಲಿ ಕೇಳಿ ಮರುಳಾದವರು, ಆಮೇಲೆ ಹಾಕಿನ್ಸ್‌ನ ಜೊತೆ ದಕ್ಷಿಣದ ರಾಜ್ಯಗಳಲ್ಲಿ ಸುತ್ತಿ ಅದನ್ನು ಕಣ್ಣಾರೆ ಕಂಡವರು. ದೂರದಿಂದ ಬಂದವರ ಬೆರಗು ಮತ್ತು ಅಲ್ಲೇ ಹುಟ್ಟಿದವನ ಸಹಜತೆ ಒಂದೇ ತಂಡದಲ್ಲಿ ಕೂಡಿದ್ದರಿಂದಲೇ ಈ ಸಂಗೀತಕ್ಕೆ ಅಂಥ ಆಳ ಬಂತೆಂದು ನಾನು ನಂಬಿದ್ದೇನೆ.

ಬಾಬ್ ಡಿಲನ್‌ಗೂ ಇವರಿಗೂ ಏನು ಸಂಬಂಧ?

ಡಿಲನ್ 1965ರಲ್ಲಿ ವಿದ್ಯುತ್ ಗಿಟಾರ್ ಹಿಡಿದು ಪ್ರವಾಸ ಹೊರಟಾಗ ಜೊತೆಯಲ್ಲಿ ನುಡಿಸಲು ಆರಿಸಿಕೊಂಡದ್ದು ಇವರನ್ನೇ. ಜನಪದ ಶೈಲಿಯ ಡಿಲನ್‌ನನ್ನು ಬಯಸಿ ಬಂದ ಶ್ರೋತೃಗಳು ಊರಿಂದೂರಿಗೆ ಇವರನ್ನು ಕೂಗಾಡಿ ಅವಮಾನಿಸಿದರು. ಅದನ್ನು ಸಹಿಸಲಾಗದ ಲೀವಾನ್ ಅದೇ ವರ್ಷದ ಕೊನೆಗೆ ತಂಡ ಬಿಟ್ಟು, ಮೆಕ್ಸಿಕೊ ಕೊಲ್ಲಿಯ ತೈಲಬಾವಿಯೊಂದರಲ್ಲಿ ಕೂಲಿಗೆ ನಿಂತದ್ದೂ ಉಂಟು. 1966ರ ಜುಲೈನಲ್ಲಿ ಮೋಟಾರ್‌ಸೈಕಲ್ ಅಪಘಾತವಾದ ಮೇಲೆ ಡಿಲನ್ ವುಡ್‌ಸ್ಟಾಕ್‌ನಲ್ಲಿ ನೆಲೆಸಿದ. ಹತ್ತಿರದ ವೆಸ್ಟ್ ಸಾಗರ್ಟೀಸ್‌ನಲ್ಲಿ ತಂಡದವರು ಬಾಡಿಗೆಗೆ ಹಿಡಿದ ಗುಲಾಬಿ ಬಣ್ಣದ ಮನೆಯ ನೆಲಮಾಳಿಗೆಯಲ್ಲಿ 1967ರಲ್ಲಿ ಎಲ್ಲರೂ ಸೇರಿ ನೂರಕ್ಕೂ ಹೆಚ್ಚು ಹಾಡುಗಳನ್ನು ಧ್ವನಿಮುದ್ರಿಸಿದರು. ಅವುಗಳಲ್ಲಿ ಕೆಲವು 1975ರಲ್ಲಿ, ಬಹುಪಾಲು ಎಲ್ಲವೂ 2014ರಲ್ಲಿ ಅಧಿಕೃತವಾಗಿ ಹೊರಬಂದವು. 1967ರಲ್ಲೇ ಲೀವಾನ್ ಕೂಡ ತಂಡಕ್ಕೆ ಮರಳಿ ಬಂದ. ಹೋದವರು ತಿರುಗಿ ಬರುವುದು ಈ ತಂಡದಲ್ಲಿ 1983ಕ್ಕಿಂತ ಬಹಳ ಮೊದಲೇ ನಡೆದಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಮೊದಲ ಎರಡು ಆಲ್ಬಂಗಳಿಗೆ ಇಷ್ಟೊಂದು ಹೆಸರು ಯಾಕೆ?

ಆ ಗುಲಾಬಿ ಬಣ್ಣದ ಮನೆಯ ಹೆಸರನ್ನೇ ಹೊತ್ತ ‘ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್’ ಹೊರಬಂದದ್ದು 1968ರ ಜುಲೈ 1ರಂದು. ರಾಕ್ ಸಂಗೀತವೆಲ್ಲ ಅಬ್ಬರದ ಗಿಟಾರ್ ಮತ್ತು ಅಮಲಿನ ಲೋಕದ ಕಡೆಗೆ ಓಡುತ್ತಿದ್ದ ಕಾಲವದು. ಇವರು ಹಳೆಯ ಪ್ರಾರ್ಥನಾ ಮಂದಿರದ, ಹೊಲಗದ್ದೆಯ, ಮುದುಕರ ಕಥೆಗಳ ದನಿಯಲ್ಲಿ ಹಾಡಿದರು. ಮುಂದಿನ ವರ್ಷ ಬಂದ ಎರಡನೆಯ ಆಲ್ಬಂಗೆ ತಂಡದ ಹೆಸರನ್ನೇ ಇಡಲಾಯಿತು. ಲಾಸ್ ಏಂಜಲೀಸ್‌ನಲ್ಲಿ ಗಾಯಕ ಸ್ಯಾಮಿ ಡೇವಿಸ್ ಜೂನಿಯರ್‌ಗೆ ಸೇರಿದ್ದ ಮನೆಯೊಂದರ ಈಜುಕೊಳದ ಪಕ್ಕದ ಕೋಣೆಯಲ್ಲಿ ಅದರ ಹೆಚ್ಚಿನ ಭಾಗ ಮುದ್ರಣಗೊಂಡಿತು. ಎರಡಕ್ಕೂ ನಿರ್ಮಾಪಕ ಜಾನ್ ಸೈಮನ್. ಎರಿಕ್ ಕ್ಲ್ಯಾಪ್ಟನ್‌ನಂಥ ಗಿಟಾರ್ ವಾದಕ ಮೊದಲ ಆಲ್ಬಂ ಕೇಳಿ ತನ್ನ ಸಂಗೀತದ ದಿಕ್ಕನ್ನೇ ಮರುಚಿಂತಿಸಿದ. 1970ರ ಜನವರಿಯಲ್ಲಿ ಟೈಮ್ ಪತ್ರಿಕೆ ಇವರನ್ನು ತನ್ನ ಮುಖಪುಟಕ್ಕೆ ತಂದಿತು.

## ವಿರಾಮಕ್ಕೆ ಕಾರಣಗಳು

ಚೆನ್ನಾಗಿಯೇ ನಡೆಯುತ್ತಿತ್ತಲ್ಲ, 1976ರಲ್ಲಿ ಯಾಕೆ ನಿಲ್ಲಿಸಿದರು?

ಹೊರಗಿನಿಂದ ನೋಡುವವರಿಗೆ ಚೆನ್ನಾಗಿಯೇ ಇತ್ತು. 1973ರಲ್ಲಿ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ ನಡೆದ ಬಯಲು ಸಂಗೀತೋತ್ಸವದಲ್ಲಿ ಸುಮಾರು 6 ಲಕ್ಷ ಜನರ ಮುಂದೆ ನುಡಿಸಿದ್ದರು, 1974ರಲ್ಲಿ ಡಿಲನ್ ಜೊತೆಗಿನ ಪ್ರವಾಸ ಅಮೆರಿಕದಾದ್ಯಂತ ಸುದ್ದಿಯಾಗಿತ್ತು. ಒಳಗಿನ ಸ್ಥಿತಿ ಬೇರೆಯಿತ್ತು. ಮದ್ಯ ಮತ್ತು ಮಾದಕವಸ್ತುಗಳ ಹಾವಳಿ ತಂಡದೊಳಗೆ ಬೇರೂರಿತ್ತು, ಹೊಸ ಹಾಡುಗಳು ವಿರಳವಾಗಿದ್ದವು, 1976ರಲ್ಲಿ ದೋಣಿ ಅಪಘಾತವೊಂದರಲ್ಲಿ ಮ್ಯಾನುಯೆಲ್‌ನ ಕುತ್ತಿಗೆಗೆ ಪೆಟ್ಟಾಗಿ ಕಾರ್ಯಕ್ರಮಗಳು ರದ್ದಾದವು. ಹದಿನಾರು ವರ್ಷಗಳ ಅಲೆದಾಟ ಸಾಕೆಂದು ರಾಬರ್ಟ್‌ಸನ್ ತೀರ್ಮಾನಿಸಿದ. ಪ್ರವಾಸ ನಿಲ್ಲಿಸೋಣ, ಸ್ಟುಡಿಯೊದಲ್ಲಿ ಆಲ್ಬಂಗಳನ್ನು ಮಾತ್ರ ಮಾಡೋಣ ಎಂಬುದು ಅವನ ಪ್ರಸ್ತಾಪವಾಗಿತ್ತು. ಲೀವಾನ್ ಇದನ್ನು ಕೊನೆಯವರೆಗೂ ಮನಸಾರೆ ಒಪ್ಪಲಿಲ್ಲ. ಊರೂರು ತಿರುಗಿ ನುಡಿಸುವುದೇ ಅವನಿಗೆ ಕಸುಬು. ಅದನ್ನು ಬಿಟ್ಟರೆ ತಂಡದಲ್ಲಿ ಉಳಿಯುವುದೇನೆಂಬುದು ಅವನ ವಾದ.

‘ದಿ ಲಾಸ್ಟ್ ವಾಲ್ಟ್ಸ್’ ಅಂದರೆ ಸಿನಿಮಾವೋ, ಕಛೇರಿಯೋ?

ಮೊದಲು ಕಛೇರಿ, ಆಮೇಲೆ ಸಿನಿಮಾ, ಜೊತೆಗೆ ಮೂರು ಎಲ್‌ಪಿಗಳ ಆಲ್ಬಂ. 1976ರ ನವೆಂಬರ್ 25ರಂದು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ವಿದಾಯ ಕಛೇರಿ ನಡೆಯಿತು. ಆಯೋಜಕ ಬಿಲ್ ಗ್ರಹಾಂ ಸುಮಾರು 5 ಸಾವಿರ ಶ್ರೋತೃಗಳಿಗೆ ಮೊದಲು ಹಬ್ಬದ ಊಟ ಬಡಿಸಿದ; ಟಿಕೆಟ್ ದರ 25 ಡಾಲರ್. ‘ದಿ ಬ್ಯಾಂಡ್’ ಎಂಬ ಹೆಸರಿನಲ್ಲಿ ಇವರು ಮೊದಲ ಕಛೇರಿ ಕೊಟ್ಟದ್ದೂ 1969ರಲ್ಲಿ ಇದೇ ಸಭಾಂಗಣದಲ್ಲಿ. ಹಾಕಿನ್ಸ್, ಡಿಲನ್, ಮಡ್ಡಿ ವಾಟರ್ಸ್, ಜೋನಿ ಮಿಚೆಲ್, ನೀಲ್ ಯಂಗ್, ವ್ಯಾನ್ ಮಾರಿಸನ್, ಕ್ಲ್ಯಾಪ್ಟನ್ ಮೊದಲಾದವರು ಅಂದು ಜೊತೆಗೂಡಿದರು. ಮಾರ್ಟಿನ್ ಸ್ಕಾರ್ಸೇಸಿ ಚಿತ್ರೀಕರಿಸಿದ ಸಿನಿಮಾ 1978ರಲ್ಲಿ ತೆರೆಕಂಡಿತು. ಕಛೇರಿಯ ಚಿತ್ರಗಳಲ್ಲಿ ಇದು ಅತ್ಯುತ್ತಮವಾದವುಗಳ ಸಾಲಿಗೆ ಸೇರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕ್ಯಾಮೆರಾ ರಾಬರ್ಟ್‌ಸನ್‌ನ ಮುಖದ ಮೇಲೆ ಹೆಚ್ಚು ನಿಂತು, ಹಾಡುತ್ತಿದ್ದ ಮ್ಯಾನುಯೆಲ್ ಮತ್ತು ನುಡಿಸುತ್ತಿದ್ದ ಹಡ್ಸನ್ ಕಾಣಿಸುವುದೇ ಅಪರೂಪವಾಯಿತು ಎಂಬ ಲೀವಾನ್‌ನ ದೂರು ಸಹ ನ್ಯಾಯವಾದದ್ದೇ. ತಂಡಕ್ಕೆ ಒಬ್ಬ ನಾಯಕನಿದ್ದ ಎಂಬ ಭಾವನೆ ಜನರ ಮನಸ್ಸಿನಲ್ಲಿ ಬಲವಾಗಿ ಕೂತದ್ದು ಈ ಚಿತ್ರದಿಂದ, ಮುಂದೆ ಮರಳಿ ಬಂದವರನ್ನು ಜನ ಅಳೆದದ್ದೂ ಅದೇ ಅಳತೆಗೋಲಿನಿಂದ.

ವಿರಾಮದ ಆ ವರ್ಷಗಳಲ್ಲಿ ಐವರೂ ಏನು ಮಾಡುತ್ತಿದ್ದರು?

ಕ್ಯಾಪಿಟಲ್ ಕಂಪನಿಯ ಜೊತೆಗಿನ ಒಪ್ಪಂದ ಮುಗಿಸಲು 1977ರಲ್ಲಿ ‘ಐಲ್ಯಾಂಡ್ಸ್’ ಎಂಬ ಆಲ್ಬಂ ಬಂತು. ಐವರೂ ಸೇರಿ ಮಾಡಿದ ಕೊನೆಯ ಸ್ಟುಡಿಯೊ ಆಲ್ಬಂ ಅದೇ. ಡ್ಯಾಂಕೋ ಅದೇ ವರ್ಷ ಸ್ವಂತ ಆಲ್ಬಂ ತಂದ. ಲೀವಾನ್ ಬೇರೊಂದು ತಂಡ ಕಟ್ಟಿದ, ಜೊತೆಗೆ ನಟನಾದ: ಗಾಯಕಿ ಲೊರೆಟ್ಟಾ ಲಿನ್ ಜೀವನವನ್ನು ಆಧರಿಸಿದ 1980ರ ಚಿತ್ರದಲ್ಲಿ ಆಕೆಯ ತಂದೆಯಾದ ಕಲ್ಲಿದ್ದಲು ಗಣಿಯ ಕಾರ್ಮಿಕನ ಪಾತ್ರದಲ್ಲಿ ಅವನನ್ನು ನೋಡಬೇಕು. ರಾಬರ್ಟ್‌ಸನ್ ಸ್ಕಾರ್ಸೇಸಿಯ ಚಿತ್ರಗಳ ಸಂಗೀತದ ಹೊಣೆ ಹೊತ್ತ. ಹಡ್ಸನ್ ಇತರರ ಧ್ವನಿಮುದ್ರಣಗಳಿಗೆ ನುಡಿಸುತ್ತಿದ್ದ. ಸ್ಟುಡಿಯೊದಲ್ಲಿ ಒಟ್ಟಾಗಿ ದುಡಿಯುತ್ತಲೇ ಇರುತ್ತೇವೆಂಬ ಮಾತು ಮಾತ್ರ ನಡೆಯಲಿಲ್ಲ.

## ಮರಳಿದ ಮೇಲೆ

1983ರಲ್ಲಿ ಮತ್ತೆ ಸೇರಿದವರು ಯಾರು ಯಾರು?

ಲೀವಾನ್, ಡ್ಯಾಂಕೋ, ಮ್ಯಾನುಯೆಲ್ ಮತ್ತು ಹಡ್ಸನ್. ಅಂದರೆ ರಾಬರ್ಟ್‌ಸನ್ ಒಬ್ಬನನ್ನು ಬಿಟ್ಟು ಮೂಲ ತಂಡದ ಎಲ್ಲರೂ. ಅವರ ಜೊತೆಗೆ ಅರ್ಕಾನ್ಸಾಸ್‌ನ ಕೇಟ್ ಬ್ರದರ್ಸ್ ತಂಡ ಇಡಿಯಾಗಿ ಸೇರಿಕೊಂಡಿತು; ಗಿಟಾರ್ ನುಡಿಸಿದವನು ಅರ್ಲ್ ಕೇಟ್, ಎರಡನೆಯ ಡ್ರಮ್ಸ್ ಲೀವಾನ್‌ನ ಸೋದರಸಂಬಂಧದ ಹುಡುಗ ಟೆರಿ ಕೇಗಲ್‌ನದು. ಎಂಟು ಜನರ ಆ ಮೇಳದ ನಾದ ತುಂಬಿಕೊಂಡಂತಿತ್ತಾದರೂ, ಐವರಿದ್ದಾಗ ಒಬ್ಬೊಬ್ಬರ ನುಡಿತದ ನಡುವೆ ಉಳಿಯುತ್ತಿದ್ದ ಬಿಡುವು ಅದರಲ್ಲಿ ಇರಲಿಲ್ಲ. 1985ರ ಹೊತ್ತಿಗೆ ವುಡ್‌ಸ್ಟಾಕ್‌ನವನೇ ಆದ ಜಿಮ್ ವೈಡರ್ ಗಿಟಾರ್ ಹಿಡಿದ. ಅಲ್ಲಿಂದ ಮುಂದೆ ಮೇಳ ಚಿಕ್ಕದಾಯಿತು, ನಾದ ಬಿಗಿಯಾಯಿತು. ವೈಡರ್ ರಾಬರ್ಟ್‌ಸನ್‌ನನ್ನು ಅನುಕರಿಸದೆ, ಗಾಯಕರಿಗೆ ಜಾಗ ಬಿಟ್ಟು ನುಡಿಸಿದ ಎಂಬುದೇ ಅವನ ದೊಡ್ಡ ಗುಣ.

ರಾಬಿ ರಾಬರ್ಟ್‌ಸನ್ ಯಾಕೆ ಬರಲಿಲ್ಲ? ಜಗಳವಾಗಿತ್ತೇ?

ತಾನು ಸಾರ್ವಜನಿಕವಾಗಿ ವಿದಾಯ ಹೇಳಿಯಾಗಿದೆ, ಮತ್ತೆ ವೇದಿಕೆಗೆ ಬಂದರೆ ಆ ವಿದಾಯಕ್ಕೆ ಅರ್ಥವಿರುವುದಿಲ್ಲ ಎಂಬುದು ಅವನ ನಿಲುವಾಗಿತ್ತು. ಅದು ಅವನ ಮಟ್ಟಿಗೆ ಪ್ರಾಮಾಣಿಕ ನಿಲುವೇ. ಮುನಿಸು ಇದ್ದದ್ದು ಮುಖ್ಯವಾಗಿ ಅವನಿಗೂ ಲೀವಾನ್‌ಗೂ ನಡುವೆ. ರಾಬರ್ಟ್‌ಸನ್‌ನ 1987ರ ಸ್ವಂತ ಆಲ್ಬಂನಲ್ಲಿ ಡ್ಯಾಂಕೋ ಮತ್ತು ಹಡ್ಸನ್ ಇಬ್ಬರೂ ಭಾಗವಹಿಸಿದ್ದಾರೆ. 1994ರಲ್ಲಿ ತಂಡವನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಆ ಮೂವರೂ ಒಂದೇ ವೇದಿಕೆಯಲ್ಲಿ ನುಡಿಸಿದರು. ಲೀವಾನ್ ಮಾತ್ರ ಅಂದು ಹೋಗಲಿಲ್ಲ. 2012ರ ಏಪ್ರಿಲ್‌ನಲ್ಲಿ ಲೀವಾನ್ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ರಾಬರ್ಟ್‌ಸನ್ ಹೋಗಿ ಅವನ ಬಳಿ ಕೂತಿದ್ದ.

ರಿಚರ್ಡ್ ಮ್ಯಾನುಯೆಲ್ ತೀರಿಕೊಂಡ ಮೇಲೂ ಮುಂದುವರಿಯಬೇಕಿತ್ತೇ?

ಈ ಪ್ರಶ್ನೆ ಕೇಳುವವರಿಗೆ ನೋವಿರುತ್ತದೆ ಎಂದು ಬಲ್ಲೆ. 1986ರ ಮಾರ್ಚ್ 4ರಂದು, ಫ್ಲೋರಿಡಾದ ವಿಂಟರ್ ಪಾರ್ಕ್ ಎಂಬಲ್ಲಿ ಕಾರ್ಯಕ್ರಮ ಮುಗಿಸಿ ಕೋಣೆಗೆ ಮರಳಿದ ಮ್ಯಾನುಯೆಲ್ ತನ್ನ ಜೀವವನ್ನು ತಾನೇ ಕೊನೆಗೊಳಿಸಿಕೊಂಡ. ಅವನಿಗಿನ್ನೂ 42 ವರ್ಷ. ಮದ್ಯದ ಚಟದೊಂದಿಗೆ ಅವನು ವರ್ಷಗಳಿಂದ ಹೋರಾಡಿದ್ದ. ಒಂದು ಕಾಲಕ್ಕೆ ದೊಡ್ಡ ಕ್ರೀಡಾಂಗಣಗಳಲ್ಲಿ ಹಾಡಿದವರು ಸಣ್ಣ ಕ್ಲಬ್ಬುಗಳಿಗೆ ಇಳಿದದ್ದೇ ಅವನನ್ನು ಕೊಂದಿತೆಂದು ಕೆಲವರು ಬರೆದಿದ್ದಾರೆ. ಒಬ್ಬ ಮನುಷ್ಯನ ಒಳಗಿನ ಸಂಕಟವನ್ನು ಹೀಗೆ ಒಂದೇ ವಾಕ್ಯದಲ್ಲಿ ವಿವರಿಸಿ ಮುಗಿಸುವುದನ್ನು ನಾನು ಒಪ್ಪಲಾರೆ. ಉಳಿದ ಮೂವರಿಗೆ ಆಗ ಎರಡು ದಾರಿಗಳಿದ್ದವು: ತಂಡವನ್ನು ಅಲ್ಲಿಗೇ ಮುಚ್ಚುವುದು, ಇಲ್ಲವೇ ಅವನ ಹಾಡುಗಳನ್ನು ತಾವೇ ಹೊತ್ತು ನಡೆಯುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಆ ಹೊರೆ ಹೆಚ್ಚಾಗಿ ಡ್ಯಾಂಕೋ ಹೆಗಲಿಗೆ ಬಿತ್ತು.

ಮರಳಿ ಬಂದು ಹತ್ತು ವರ್ಷವಾದರೂ ಹೊಸ ಆಲ್ಬಂ ಯಾಕೆ ಬರಲಿಲ್ಲ? ‘ಜೆರಿಕೋ’ ಹೇಗಿದೆ?

ಹಾಡು ಬರೆಯುವವನು ಹೊರಗುಳಿದಿದ್ದ ಎಂಬುದೇ ಮೊದಲ ಕಾರಣ. ಧ್ವನಿಮುದ್ರಣ ಕಂಪನಿಗಳ ಉತ್ಸಾಹವೂ ಕಡಿಮೆಯಿತ್ತು. ಎಲ್ಲವೂ ಕೂಡಿಬರುತ್ತಿದೆ ಎನ್ನುವಾಗ ಮ್ಯಾನುಯೆಲ್‌ನ ಸ್ಥಾನಕ್ಕೆ ಬಂದಿದ್ದ ಪಿಯಾನೊ ವಾದಕ, ಹಾಕಿನ್ಸ್ ಕಾಲದ ಹಳೆಯ ಒಡನಾಡಿ ಸ್ಟಾನ್ ಸೆಲೆಸ್ಟ್ 1991ರ ಜನವರಿಯಲ್ಲಿ ಹಠಾತ್ತನೆ ತೀರಿಕೊಂಡ. ಅವನ ಬಳಿಕ ರಿಚರ್ಡ್ ಬೆಲ್ ಬಂದ, ಎರಡನೆಯ ಡ್ರಮ್ಸ್‌ಗೆ ಮತ್ತು ಹಾಡಲು ರಾಂಡಿ ಸಿಯರ್ಲಾಂಟಿ ಅದಾಗಲೇ ಸೇರಿದ್ದ. ಈ ಆರು ಜನರ ಮೇಳವೇ 1993ರ ನವೆಂಬರ್‌ನಲ್ಲಿ ‘ಜೆರಿಕೋ’ ತಂದದ್ದು.

ಈ ಆಲ್ಬಂ ಮೊದಲ ಎರಡರ ಎತ್ತರಕ್ಕೆ ಏರುವುದಿಲ್ಲ, ಆದರೆ 1971ರ ‘ಕಹೂಟ್ಸ್’ಗಿಂತ ಇದನ್ನು ನಾನು ನಿಸ್ಸಂದೇಹವಾಗಿ ಮೇಲೆ ಇಡುತ್ತೇನೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ತನ್ನ ಮನೆಯಲ್ಲೇ ನಾಲ್ಕು ಟ್ರ್ಯಾಕುಗಳ ಕ್ಯಾಸೆಟ್ ಯಂತ್ರದಲ್ಲಿ ಮುದ್ರಿಸಿದ ‘ಅಟ್ಲಾಂಟಿಕ್ ಸಿಟಿ’ಯನ್ನು ಲೀವಾನ್ ಇಲ್ಲಿ ಹಾಡಿದ್ದಾನೆ. ಮೂಲದಲ್ಲಿ ಒಂಟಿ ಮನುಷ್ಯನ ಭಯದ ಪಿಸುಮಾತಿನಂತಿದ್ದ ಹಾಡು ಇವರ ಮ್ಯಾಂಡೊಲಿನ್ ಮತ್ತು ಅಕಾರ್ಡಿಯನ್ ಸಿಕ್ಕೊಡನೆ ಇಡೀ ಒಂದು ಊರಿನ ಕಥೆಯಾಗುತ್ತದೆ. ಸಾಲಕ್ಕೆ ಸಿಕ್ಕು ಕೆಟ್ಟ ಕೆಲಸಕ್ಕೆ ಒಪ್ಪಿಕೊಂಡವನ ಮಾತು ಲೀವಾನ್‌ನ ದನಿಯಲ್ಲಿ ಎಷ್ಟು ನಿಜವಾಗಿ ಕೇಳುತ್ತದೆಂದರೆ, ಅದು ಬೇರೆಯವರ ಹಾಡೆಂದು ನೆನಪಿಸಿಕೊಳ್ಳಬೇಕಾಗುತ್ತದೆ. ಡಿಲನ್ 1983ರಲ್ಲಿ ಮುದ್ರಿಸಿ, ತನ್ನ ಆಲ್ಬಂಗೆ ಸೇರಿಸದೆ ಬದಿಗಿಟ್ಟಿದ್ದ ‘ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್’ ಕೂಡ ಇಲ್ಲಿದೆ. ದಿ ಬ್ಯಾಂಡ್ ಅದನ್ನು ಹಾಡುವುದನ್ನು ಕೇಳಿದ ಮೇಲೆಯೇ ತಾನೂ ವೇದಿಕೆಯಲ್ಲಿ ಹಾಡತೊಡಗಿದ್ದಾಗಿ ಡಿಲನ್ ಮುಂದೆ ಹೇಳಿದ. ಅವನು 1997ರಲ್ಲಿ ಅದನ್ನು ಮೊದಲ ಬಾರಿಗೆ ವೇದಿಕೆಗೆ ತಂದ. ಹಾಡು ಬರೆದವನಿಗೇ ಅವನ ಹಾಡನ್ನು ಮರಳಿ ಕೊಟ್ಟ ಮೇಳವನ್ನು ಹಳೆಯ ಹೆಸರಿನ ನೆರಳು ಎನ್ನುವುದು ಅನ್ಯಾಯ. ಮ್ಯಾನುಯೆಲ್ ಸಾಯುವ ಮುನ್ನ ಹಾಡಿದ್ದ ‘ಕಂಟ್ರಿ ಬಾಯ್’ ಮತ್ತು ಅವನ ನೆನಪಿಗೆಂದು ಮೀಸಲಾದ ‘ಟೂ ಸೂನ್ ಗಾನ್’ ಒಂದೇ ಆಲ್ಬಂನಲ್ಲಿವೆ. ಎರಡನೆಯದನ್ನು ಬರೆದವರಲ್ಲಿ ಸೆಲೆಸ್ಟ್ ಕೂಡ ಒಬ್ಬ, ಆಲ್ಬಂ ಬರುವ ಹೊತ್ತಿಗೆ ಅವನೂ ಇರಲಿಲ್ಲ.

ಉಳಿದ ಎರಡು ಆಲ್ಬಂಗಳನ್ನೂ ಕೇಳಬೇಕೇ?

1996ರ ‘ಹೈ ಆನ್ ದಿ ಹಾಗ್’ ಏರುಪೇರಾಗಿದೆ. ಮ್ಯಾನುಯೆಲ್‌ನ ದನಿಯಿರುವ ‘ಶಿ ನೋಸ್’ ಹಾಡಿಗಾಗಿ ಒಮ್ಮೆ ಕೇಳಿದರೆ ಸಾಕು. 1998ರ ‘ಜ್ಯೂಬಿಲೇಷನ್’ ಅದಕ್ಕಿಂತ ಸಹಜವಾದ, ಮರದ ವಾದ್ಯಗಳ ಇಂಪಿರುವ ಆಲ್ಬಂ. ಹಡ್ಸನ್ ಒಬ್ಬನೇ ನುಡಿಸುವ ‘ಫ್ರೆಂಚ್ ಗರ್ಲ್ಸ್’ ಎಂಬ ಪುಟ್ಟ ವಾದನ ಅದರ ಕೊನೆಯಲ್ಲಿದೆ.

ತಂಡ ನಿಜವಾಗಿ ಮುಗಿದದ್ದು ಯಾವಾಗ?

1999ರ ಡಿಸೆಂಬರ್ 10ರಂದು ರಿಕ್ ಡ್ಯಾಂಕೋ ವುಡ್‌ಸ್ಟಾಕ್ ಸಮೀಪದ ತನ್ನ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡಾಗ. ಅದಕ್ಕೂ ಮುಂಚೆ, 1998ರಲ್ಲಿ, ಲೀವಾನ್‌ಗೆ ಗಂಟಲಿನ ಕ್ಯಾನ್ಸರ್ ಇರುವುದು ಗೊತ್ತಾಗಿ, ವಿಕಿರಣ ಚಿಕಿತ್ಸೆಯಿಂದ ಅವನ ಹಾಡುವ ದನಿ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ವುಡ್‌ಸ್ಟಾಕ್‌ನ ತನ್ನ ಮರದ ಕಣಜದಂಥ ಸ್ಟುಡಿಯೊದಲ್ಲಿ ಅವನು ‘ಮಿಡ್‌ನೈಟ್ ರ್‍ಯಾಂಬಲ್’ ಎಂಬ ರಾತ್ರಿ ಕಛೇರಿಗಳನ್ನು ಆರಂಭಿಸಿದ. ಆಸ್ಪತ್ರೆಯ ಸಾಲ ತೀರಿಸಲು ಶುರುವಾದ ಆ ಕಛೇರಿಗಳಲ್ಲೇ ಅವನ ದನಿ ನಿಧಾನವಾಗಿ ಹಿಂದಿರುಗಿತು. 2007ರ ‘ಡರ್ಟ್ ಫಾರ್ಮರ್’ ಮತ್ತು 2009ರ ‘ಎಲೆಕ್ಟ್ರಿಕ್ ಡರ್ಟ್’ ಎರಡಕ್ಕೂ ಗ್ರ್ಯಾಮಿ ಬಂತು. ಎರಡನೆಯದಕ್ಕೆ ಸಿಕ್ಕಿದ್ದು ಅಮೆರಿಕಾನಾ (ಅಮೆರಿಕದ ಬೇರುಗಳ ಸಂಗೀತ) ಆಲ್ಬಂ ವಿಭಾಗದಲ್ಲಿ ಕೊಟ್ಟ ಮೊಟ್ಟಮೊದಲ ಗ್ರ್ಯಾಮಿ. 2012ರ ಏಪ್ರಿಲ್ 19ರಂದು ಲೀವಾನ್, 2023ರ ಆಗಸ್ಟ್ 9ರಂದು ರಾಬರ್ಟ್‌ಸನ್, 2025ರ ಜನವರಿ 21ರಂದು 87ರ ವಯಸ್ಸಿನಲ್ಲಿ ಹಡ್ಸನ್ ನಿಧನರಾದರು. ಐವರಲ್ಲಿ ಈಗ ಯಾರೂ ಉಳಿದಿಲ್ಲ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಮೂವರು ಗಾಯಕರಲ್ಲಿ ಯಾರು ಯಾವುದನ್ನು ಹಾಡುತ್ತಾರೆಂದು ಗುರುತಿಸುವುದು ಹೇಗೆ?

ಲೀವಾನ್‌ನ ದನಿಯಲ್ಲಿ ಮಣ್ಣಿನ ಒರಟುತನವೂ ದಕ್ಷಿಣದ ಎಳೆತವೂ ಇವೆ. ಡ್ರಮ್ಸ್ ಬಾರಿಸುತ್ತಲೇ ಹಾಡುವುದರಿಂದ ಅವನ ಪದಗಳು ತಾಳದ ಮೇಲೆ ಗಟ್ಟಿಯಾಗಿ ಕೂರುತ್ತವೆ. ಡ್ಯಾಂಕೋ ಅಂಗಲಾಚುವವನಂತೆ, ಸ್ವಲ್ಪ ನಡುಗುತ್ತ, ಸ್ವರದ ಅಂಚಿನಲ್ಲಿ ಹಾಡುತ್ತಾನೆ. ‘ಇಟ್ ಮೇಕ್ಸ್ ನೋ ಡಿಫರೆನ್ಸ್’ ಕೇಳಿದರೆ ಅವನನ್ನು ಮತ್ತೆಂದೂ ಮರೆಯುವುದಿಲ್ಲ. ಮ್ಯಾನುಯೆಲ್‌ನದು ತಾರಸ್ಥಾಯಿಗೆ ಏರಿ ಅಲ್ಲೇ ಒಡೆಯುವಂತೆ ಕೇಳುವ ದುಃಖದ ದನಿ. ‘ವಿಸ್ಪರಿಂಗ್ ಪೈನ್ಸ್’ ಅದಕ್ಕೆ ಸಾಕ್ಷಿ. ಮೂವರೂ ಸೇರಿ ಹಾಡುವಾಗ ಗಾಸ್ಪೆಲ್ ತಂಡಗಳಂತೆ ಒಬ್ಬರ ಸಾಲು ಮುಗಿಯುವ ಮುನ್ನವೇ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ‘ದಿ ವೇಟ್’ ಹಾಡಿನಲ್ಲಿ ಲೀವಾನ್ ಆರಂಭಿಸಿ, ನಡುವೆ ಡ್ಯಾಂಕೋ ಒಂದು ಚರಣವನ್ನು ಪೂರ್ತಿ ತನ್ನದಾಗಿಸಿಕೊಳ್ಳುವುದನ್ನು ಗಮನಿಸಿ. ರಾಬರ್ಟ್‌ಸನ್ ಮುಖ್ಯ ಗಾಯಕನಾಗಿ ಹಾಡಿದ್ದು ಬಹಳ ಅಪರೂಪ.

ಗಾರ್ತ್ ಹಡ್ಸನ್‌ನನ್ನು ಸಂಗೀತಗಾರರೆಲ್ಲ ಅಷ್ಟು ಹೊಗಳುವುದು ಯಾಕೆ?

ರಾಕ್ ತಂಡಗಳೆಲ್ಲ ಹ್ಯಾಮಂಡ್ ಆರ್ಗನ್ ಬಳಸುತ್ತಿದ್ದಾಗ ಅವನು ಲೋರಿ ಆರ್ಗನ್ ಆರಿಸಿಕೊಂಡ. ಸ್ವರವನ್ನು ಬಾಗಿಸಲು, ಪಿಟೀಲಿನಂತೆಯೋ ತುತ್ತೂರಿಯಂತೆಯೋ ನುಡಿಸಲು ಅದರಲ್ಲಿ ಸಾಧ್ಯವಿತ್ತು. ಶಾಸ್ತ್ರೀಯ ಸಂಗೀತ ಕಲಿತಿದ್ದ ಅವನು 1961ರಲ್ಲಿ ಹಾಕಿನ್ಸ್ ತಂಡಕ್ಕೆ ಸೇರಿದ್ದು ಉಳಿದವರಿಗೆ ಪಾಠ ಹೇಳುವ ಶಿಕ್ಷಕನೆಂಬ ನೆಪದಲ್ಲಿ, ವಾರಕ್ಕೆ 10 ಡಾಲರ್ ಹೆಚ್ಚುವರಿ ಸಂಬಳಕ್ಕೆ. ಮಗ ಬಾರುಗಳಲ್ಲಿ ರಾಕ್ ನುಡಿಸುತ್ತಾನೆಂದರೆ ತಂದೆತಾಯಿ ಒಪ್ಪುವಂತಿರಲಿಲ್ಲ. ‘ಚೆಸ್ಟ್ ಫೀವರ್’ ಆರಂಭದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್‌ನ ರಚನೆಯೊಂದರಿಂದ ಹೊರಟು ಅವನು ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಕೇಳಬೇಕು. ‘ಅಪ್ ಆನ್ ಕ್ರಿಪಲ್ ಕ್ರೀಕ್’ನಲ್ಲಿ ಕಪ್ಪೆ ವಟಗುಟ್ಟಿದಂತೆ ಕೇಳುವ ಸದ್ದು, ಸ್ವರದ ಬಣ್ಣ ಬದಲಿಸುವ ವಾ-ವಾ ಪೆಡಲ್‌ಗೆ ಜೋಡಿಸಿದ ಕ್ಲಾವಿನೆಟ್ ಎಂಬ ವಿದ್ಯುತ್ ಕೀಬೋರ್ಡಿನದು. ಸ್ಯಾಕ್ಸೋಫೋನ್ ಮತ್ತು ಅಕಾರ್ಡಿಯನ್ ಕೂಡ ಅವನ ಕೈಯಲ್ಲೇ. ಎರಡನೆಯ ಅವಧಿಯಲ್ಲಿ ಹಾಡು ಹೊಸದಾಗಿರಲಿ, ಬೇರೆಯವರದ್ದಾಗಿರಲಿ, ಮೊದಲ ಕೆಲವು ಕ್ಷಣಗಳಲ್ಲೇ ಇದು ಯಾವ ತಂಡವೆಂದು ತಿಳಿಯುತ್ತಿದ್ದದ್ದು ಅವನಿಂದ.

ಹಾಡುಗಳನ್ನು ನಿಜವಾಗಿ ಬರೆದವರು ಯಾರು? ಲೀವಾನ್‌ನ ದೂರು ಏನು?

ಮುದ್ರಿತ ಹೆಸರುಗಳನ್ನೇ ಮೊದಲು ನೋಡೋಣ. ಮೊದಲ ಆಲ್ಬಂನ 11 ಹಾಡುಗಳಲ್ಲಿ ರಾಬರ್ಟ್‌ಸನ್ ಬರೆದವು 4, ಮ್ಯಾನುಯೆಲ್ ಒಬ್ಬನೇ ಬರೆದವು 3; ಇನ್ನೆರಡನ್ನು ಡಿಲನ್ ಜೊತೆ ಮ್ಯಾನುಯೆಲ್ ಒಂದು, ಡ್ಯಾಂಕೋ ಒಂದರಂತೆ ಬರೆದರು. ಎರಡನೆಯ ಆಲ್ಬಂನ 12 ಹಾಡುಗಳಲ್ಲೂ ರಾಬರ್ಟ್‌ಸನ್ ಹೆಸರಿದೆ, 8 ಅವನೊಬ್ಬನವೇ. 1970ರ ‘ಸ್ಟೇಜ್ ಫ್ರೈಟ್’ ನಂತರ ಮ್ಯಾನುಯೆಲ್‌ನ ಹೆಸರು ಕಾಣಿಸುವುದಿಲ್ಲ. ಅಭ್ಯಾಸದ ಕೋಣೆಯಲ್ಲಿ ಎಲ್ಲರೂ ಕೂಡಿ ರೂಪಿಸಿದ ಹಾಡುಗಳು ಒಬ್ಬನ ಹೆಸರಿಗೆ ಹೋದವು ಎಂದು ಲೀವಾನ್ 1993ರ ತನ್ನ ಆತ್ಮಕಥೆಯಲ್ಲಿ ಬರೆದ. ಉಳಿದವರನ್ನು ಬರೆಯುವಂತೆ ತಾನು ಹುರಿದುಂಬಿಸುತ್ತಲೇ ಇದ್ದೆ, ಕೂತು ಬರೆಯುವ ಕೆಲಸ ಮಾಡಿದ್ದು ತಾನೇ ಎಂಬುದು ರಾಬರ್ಟ್‌ಸನ್‌ನ ಉತ್ತರ.

ಇದು ಬರೀ ಕೀರ್ತಿಯ ಪ್ರಶ್ನೆಯಲ್ಲ. ಕೃತಿಸ್ವಾಮ್ಯದ ಕಾನೂನಿನ ಪ್ರಕಾರ ಹಾಡೆಂದರೆ ಸಾಹಿತ್ಯ ಮತ್ತು ಮುಖ್ಯ ಧಾಟಿ. ಡ್ರಮ್ಸ್‌ನ ನಡೆ, ಆರ್ಗನ್‌ನ ಮೊದಲ ಆಲಾಪ, ಮೂರು ದನಿಗಳ ಹೆಣಿಗೆ, ಇವು ವಾದ್ಯ ಸಂಯೋಜನೆಯ ಲೆಕ್ಕಕ್ಕೆ ಸೇರುತ್ತವೆ, ರಚನೆಯ ಲೆಕ್ಕಕ್ಕಲ್ಲ. ಅಮೆರಿಕದ ರೇಡಿಯೊ ನಿಲಯಗಳು ಹಾಡನ್ನು ಪ್ರಸಾರ ಮಾಡಿದಾಗ ರಚನಕಾರರಿಗೆ ರಾಯಲ್ಟಿ ಸಿಗುತ್ತದೆ, ಹಾಡಿದವರಿಗೆ ಸಿಗುವುದಿಲ್ಲ. ಹೀಗಾಗಿ ಹಾಡಿನ ಕೆಳಗೆ ಹೆಸರಿದ್ದವನು ಮನೆಯಲ್ಲಿ ಕೂತೇ ಬದುಕಬಹುದಿತ್ತು, ಹೆಸರಿಲ್ಲದವರು ಬದುಕಲು ಊರೂರು ತಿರುಗಿ ನುಡಿಸಲೇಬೇಕಿತ್ತು. 1983ರ ಮರಳುವಿಕೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ. ರಾಬರ್ಟ್‌ಸನ್ ದೊಡ್ಡ ಗೀತಕಾರ ಎಂದು ನಾನು ಮನಸಾರೆ ಒಪ್ಪುತ್ತೇನೆ. ಹಾಗೆಯೇ ಆ ಹಾಡುಗಳಲ್ಲಿ ದಕ್ಷಿಣದ ಬದುಕಿನ ವಿವರಗಳು ಬಂದದ್ದು ಬಹುಮಟ್ಟಿಗೆ ಲೀವಾನ್‌ನಿಂದ, ಅದಕ್ಕೆ ಕಾನೂನಿನಲ್ಲಿ ಬೆಲೆಯಿರಲಿಲ್ಲ ಎಂಬುದೂ ನಿಜ.

‘ಓಲ್ಡ್ ಡಿಕ್ಸಿ’ ಹಾಡು ಗುಲಾಮಗಿರಿಯ ಪರವಾದದ್ದೇ?

ಡಿಕ್ಸಿ ಎಂದರೆ ಅಮೆರಿಕದ ದಕ್ಷಿಣದ ರಾಜ್ಯಗಳು. 1969ರ ಈ ಹಾಡನ್ನು ಹೇಳುವವನು ವರ್ಜಿಲ್ ಕೇನ್ ಎಂಬ ಬಡ ಬಿಳಿಯ ರೈತ. ಅಮೆರಿಕದ ಅಂತರ್ಯುದ್ಧದ ಕೊನೆಯ ಚಳಿಗಾಲದ ಹಸಿವು, ಸತ್ತ ಸಹೋದರ, ಸೋತ ಊರು ಅದರ ವಸ್ತು. ಯುದ್ಧ ಹೂಡಿದ ಒಡೆಯರನ್ನು ಅದು ಹೊಗಳುವುದಿಲ್ಲ. ನಾಗರಿಕ ಹಕ್ಕುಗಳ ಹೋರಾಟದಲ್ಲಿ ನಡೆದ ಜೋನ್ ಬಾಯೆಜ್ 1971ರಲ್ಲಿ ಇದನ್ನು ಹಾಡಿದ್ದು ಅಮೆರಿಕದ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೆ ಏರಿತು. ಆದರೆ ಆ ಯುದ್ಧ ನಡೆದದ್ದೇ ಗುಲಾಮಗಿರಿಯ ಕಾರಣಕ್ಕೆ, ಗುಲಾಮರ ಸುಳಿವೂ ಹಾಡಿನಲ್ಲಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ, ಅದನ್ನು ತಳ್ಳಿಹಾಕಬಾರದು. ಕೆನಡಾದವನು ಬರೆದು ಅರ್ಕಾನ್ಸಾಸ್‌ನವನು ಹಾಡಿದ ಈ ಹಾಡನ್ನು ವಿದಾಯ ಕಛೇರಿಯ ನಂತರ ಲೀವಾನ್ ಮತ್ತೆ ಹಾಡಲಿಲ್ಲ. ಮರಳಿ ಬಂದ ತಂಡದ ಕಛೇರಿಗಳಲ್ಲಿ ಅದು ಕೇಳಿಸದಿರಲು ಇದೇ ಕಾರಣ.

ಭಾರತದ ಸಂಗೀತಕ್ಕೂ ಇವರಿಗೂ ಏನಾದರೂ ನಂಟಿದೆಯೇ?

ಇದೆ, ಅದೂ ಬಿಗ್ ಪಿಂಕ್ ಮನೆಯ ನೆಲಮಾಳಿಗೆಯಲ್ಲೇ. ಡಿಲನ್ ಮತ್ತು ದಿ ಬ್ಯಾಂಡ್ ಇಬ್ಬರ ವ್ಯವಸ್ಥಾಪಕನೂ ಆಗಿದ್ದ ಆಲ್ಬರ್ಟ್ ಗ್ರಾಸ್‌ಮನ್ 1967ರಲ್ಲಿ ಬಂಗಾಳದ ಬಾವುಲ್ ಗಾಯಕರನ್ನು ವುಡ್‌ಸ್ಟಾಕ್‌ಗೆ ಕರೆಸಿಕೊಂಡಿದ್ದ. ನಮ್ಮ ತತ್ವಪದಕಾರರಂತೆ ಏಕತಾರಿ ಹಿಡಿದು ಊರಿಂದೂರಿಗೆ ಅಲೆಯುವ ಪರಂಪರೆ ಅವರದು. ಪೂರ್ಣದಾಸ್ ಬಾವುಲ್ ಮತ್ತು ಸಂಗಡಿಗರ ಹಾಡುಗಳನ್ನು ಹಡ್ಸನ್ ಆ ನೆಲಮಾಳಿಗೆಯಲ್ಲಿ ಮುದ್ರಿಸಿಕೊಂಡ, ಅದು ಆಲ್ಬಂ ಆಗಿಯೂ ಹೊರಬಂತು. ಡಿಲನ್ 1967ರ ಕೊನೆಗೆ ತಂದ ಆಲ್ಬಂನ ಮುಖಪುಟದಲ್ಲಿ ಅವನ ಎಡಬಲಕ್ಕೆ ನಿಂತವರು ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. ಭಾರತದ ಓದುಗರು ಈ ಚಿತ್ರವನ್ನು ಎಷ್ಟೋ ಸಲ ನೋಡಿದ್ದರೂ ಅದರಲ್ಲಿರುವ ನಮ್ಮವರನ್ನು ಗುರುತಿಸದೆ ಹೋಗುತ್ತಾರೆ.

ರಾಬರ್ಟ್‌ಸನ್ ಇಲ್ಲದೆ ಅದೇ ಹೆಸರನ್ನು ಬಳಸಿದ್ದು ಸರಿಯೇ?

ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಪ್ರಶ್ನೆ ಇದೇ. ಸರಿ ಎಂದೇ ನನ್ನ ಉತ್ತರ. ಮೊದಲ ಆಲ್ಬಂನಿಂದ ವಿದಾಯ ಕಛೇರಿಯವರೆಗೆ, ರಾಬರ್ಟ್‌ಸನ್ ಜೊತೆಗೆ, ಆ ಹೆಸರು ವೇದಿಕೆಯ ಮೇಲಿದ್ದದ್ದು ಸುಮಾರು 8 ವರ್ಷ. ಅವನಿಲ್ಲದೆ 16 ವರ್ಷ. ಕಾಲಾವಧಿ ಒಂದೇ ಇದನ್ನು ತೀರ್ಮಾನಿಸದು ಎನ್ನುವವರು ದನಿಗಳನ್ನು ಲೆಕ್ಕ ಹಾಕಲಿ: 1983ರಲ್ಲಿ ಮರಳಿದಾಗ ಮೂವರು ಗಾಯಕರೂ ಅಲ್ಲಿದ್ದರು, ತಾಳದ ಜೋಡಿ ಅಲ್ಲಿತ್ತು, ಹಡ್ಸನ್ ಅಲ್ಲಿದ್ದ. ಹೊರಗುಳಿದವನು ಗೀತಕಾರ ಮತ್ತು ಗಿಟಾರ್ ವಾದಕ. ಅದು ಸಣ್ಣ ನಷ್ಟವಲ್ಲ; ಅವನಿಲ್ಲದೆ ಅವರು ‘ಕಿಂಗ್ ಹಾರ್ವೆಸ್ಟ್’ನಂಥ ಇನ್ನೊಂದು ಹಾಡನ್ನು ಕಟ್ಟಲಾಗಲಿಲ್ಲ. ಆದರೆ ಬೇರೆಯವರ ಹಾಡನ್ನು ತಮ್ಮದಾಗಿಸಿಕೊಳ್ಳುವ ಕಲೆ ಇವರಿಗೆ ಹುಟ್ಟಿನಿಂದಲೇ ಇತ್ತು: ಮೊದಲ ಆಲ್ಬಂನಲ್ಲೇ ‘ಲಾಂಗ್ ಬ್ಲ್ಯಾಕ್ ವೇಲ್’ ಎಂಬ ಕಂಟ್ರಿ ಹಾಡಿದೆ, 1973ರ ಆಲ್ಬಂ ಪೂರ್ತಿ ಬೇರೆಯವರ ಹಳೆಯ ಹಾಡುಗಳದ್ದೇ. ‘ಜೆರಿಕೋ’ ಆ ದಾರಿಯಲ್ಲೇ ಮುಂದುವರಿಯಿತು.

1986ರ ನಂತರ ಹೆಸರಿನ ಮೇಲಿನ ಹಕ್ಕು ತೆಳುವಾಗುತ್ತ ಹೋಯಿತು ಎಂದು ಒಪ್ಪುತ್ತೇನೆ, ಮೂರು ದನಿಗಳ ಹೆಣಿಗೆಯಲ್ಲಿ ಒಂದು ಎಳೆ ಕಡಿದಿತ್ತು. ಎರಡು ದನಿಗಳು ಉಳಿದಿರುವ ತನಕ ಅವರು ಹಾಡಿದರು. ಡ್ಯಾಂಕೋ ಹೋದ ಮೇಲೆ ಲೀವಾನ್ ಮತ್ತು ಹಡ್ಸನ್ ಇಬ್ಬರೂ ವರ್ಷಗಟ್ಟಲೆ ನುಡಿಸುತ್ತಲೇ ಇದ್ದರು, ಆದರೆ ಆ ಹೆಸರನ್ನು ಮತ್ತೆ ಬಳಸಲಿಲ್ಲ. ಲೀವಾನ್ ತನ್ನ ಹೊಸ ಮೇಳವನ್ನು ತನ್ನದೇ ಹೆಸರಿನಲ್ಲಿ ನಡೆಸಿದ.